ಮಾಸಿಯ ಕರುವಿನ ಬಯಲು

"ಆ ಹಗ್ಗ ತಗೊಂಡೋಗಿ ಒಲೆಗಾಕು ಮಾದಪ್ಪಣ್ಣ. ಅಳೆಯೋಕೆ ಏನೂ ಇಲ್ಲ ಅಂತ ಹೇಳೋದಕ್ಕೂ ನಿಂಗೆ ಹಗ್ಗ ಬೇಕಾ?"

"ಬಾಯಿ ಸಣ್ಣಗಿಡು ಜವರ. ಹಗ್ಗ ನಂದಲ್ಲ, ಊರಿಂದು."

"ಕರು ನಂದು."

"ಕರು ನಿಂದೇ, ಯಾರು ಇಲ್ಲ ಅಂದ್ರು? ಬೀಜ ಊರಿಂದು. ಊರು ಬ್ಯಾಡ ಅಂದ್ಮೇಲೆ ಒಡೆಸಬೇಕು. ನಿಮ್ಮಪ್ಪನೂ ಒಡೆಸಿದ್ದ, ನಮ್ಮಪ್ಪನೂ ಒಡೆಸಿದ್ದ."

"ಮೊದ್ಲು ನಿನ್ನ ತಲೆ ಒಡೀತೀನಿ, ಆಮೇಲೆ ಕರು ಮಾತು."

ಹೀಗೆ ನಾನು ಮತ್ತು ಊರ ಯಜಮಾನ ದೊಡ್ಡಮಾದಪ್ಪ ಕೆರೆಯಂಗಳದಲ್ಲಿ ಎದೆಗೆ ಎದೆ ಕೊಟ್ಟು ನಿಂತಿದ್ದೆವು. ಅವನ ಕೈಯಲ್ಲಿ ಮಾರಿಗೊಂದು ಗಂಟು ಹಾಕಿದ ಊರ ಹಗ್ಗ. ನನ್ನ ಕೈಯಲ್ಲಿ ನಮ್ಮ ಹಸು ಮಾಸಿಯ ಗಂಡುಕರುವಿನ ಕಣ್ಣಿ. ಸುತ್ತ ಜೇನಿನ ಬಣ್ಣದ ಮಂಜು. ಊರಿನವರೆಲ್ಲ ಮಾಸಿಯ ಬಯಲಿನೊಳಗೆ ಆರಾಮವಾಗಿ ಕೂತು ನಮ್ಮ ಜಗಳ ಕೇಳುತ್ತಿದ್ದರು. ಕೆಲವು ಹೆಂಗಸರು ಅವರೆಕಾಯಿಯನ್ನೂ ತಂದಿದ್ದರು. ಬೈಗುಳ ಸ್ವಲ್ಪ ತಗ್ಗಿದರೆ ಸಿಪ್ಪೆ ಸುಲಿಯುವ ಸದ್ದು ಕೇಳುತ್ತಿತ್ತು. ನನ್ನ ಹೆಂಡತಿ ಹೊಂಬಾಳೆ ಬಂದು ನನ್ನ ಅಂಗಿಯ ಹಿಂಭಾಗ ಹಿಡಿದು ಎಳೆದಳು. "ಕರು ನಡುಗ್ತಾ ಅದೆ, ಅದ್ಕೆ ಕಂಬಳಿ ಹಾಕೋದು ಬಿಟ್ಟು ಯಾರ ತಲೆ ಒಡೀತೀರಿ," ಅಂದಳು. ಕರುವನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಬಂದೆ.

ಸುಗ್ಗಿ ಮುಗಿದು ಕಣಗಳು ಬರಿದಾದ ಮೇಲೆ ನಮ್ಮೂರಿಗೆ ಮಂಜು ಬರುತ್ತದೆ. ಕೆರೆಯ ಕಡೆಯಿಂದ ಎದ್ದು, ಹಸಿ ಅರಿಶಿನದ ವಾಸನೆ ಹೊತ್ತು, ಬೀದಿಗಳಲ್ಲಿ ಯಾರ ಮನೆ ಎಂದು ಕೇಳಿಕೊಂಡು ಬರುವ ನೆಂಟನ ಹಾಗೆ ನಿಧಾನವಾಗಿ ನಡೆಯುತ್ತದೆ. ಮನುಷ್ಯರಿಗೆ ಅದು ಏನೂ ಮಾಡುವುದಿಲ್ಲ. ಕಣ್ಣು ಎಳೆಯುತ್ತದೆ, ಹೇಳಬೇಕಾದ ಮಾತು ಅರ್ಧಕ್ಕೇ ಮರೆತುಹೋಗುತ್ತದೆ, ಸತ್ತವರು ಪಕ್ಕದ ಜಗಲಿಯಲ್ಲೇ ಕೂತು ಕೆಮ್ಮಿದ ಹಾಗೆ ಆಗುತ್ತದೆ, ಅಷ್ಟೆ. ದನಗಳಿಗೆ ಮಾತ್ರ ಅದು ಬೇನೆ. ಮಂಜು ಕುಡಿದ ಹಸುವಿನ ಬಾಯಿ ಹುಣ್ಣಾಗುತ್ತದೆ, ಗೊರಸು ಬಿರಿಯುತ್ತದೆ, ಕೆಚ್ಚಲು ಕಲ್ಲಾಗುತ್ತದೆ.

ಆದರೆ ಕೆಲವು ಹಸುಗಳನ್ನು ಮಂಜು ಮುಟ್ಟುವುದಿಲ್ಲ. ಅವು ನಿಂತ ಕಡೆ ಸುತ್ತಲೂ ಗುಂಡಗೆ ಜಾಗ ಬಿಟ್ಟುಕೊಟ್ಟು ದೂರ ನಿಲ್ಲುತ್ತದೆ. ಆ ಜಾಗಕ್ಕೆ ನಾವು ಬಯಲು ಅನ್ನುತ್ತೇವೆ. ಒಂದು ಹಸುವಿಗೆ ಚಾಪೆಯಷ್ಟು ಬಯಲು, ಇನ್ನೊಂದಕ್ಕೆ ಅಂಗಳದಷ್ಟು. ಹಸು ನಡೆದರೆ ಬಯಲೂ ಜೊತೆಗೆ ನಡೆಯುತ್ತದೆ. ಹಸು ಮಲಗಿದರೆ ಅದೂ ಅಲ್ಲೇ ತಂಗುತ್ತದೆ.

ನಮ್ಮ ಮಾಸಿಯ ಬಯಲು ಒಂದು ಬೀದಿಯಷ್ಟು. ಮಂಜಿನ ದಿನಗಳಲ್ಲಿ ನಾನು ಅವಳನ್ನು ಬೀದಿ ಕೂಡುವ ಕಡೆ ಕಟ್ಟುತ್ತೇನೆ. ಕ್ಷೌರದವನು ಕುರ್ಚಿ ತಂದು ಅವಳ ಬಾಲದ ಹಿಂದೆ ಹಾಕಿಕೊಳ್ಳುತ್ತಾನೆ. ಇಡ್ಲಿಯವಳು ಒಲೆ ಹೂಡುತ್ತಾಳೆ. ಮೇಷ್ಟರು ಹಲಗೆಯನ್ನು ಬೇವಿನ ಮರಕ್ಕೆ ಒರಗಿಸಿ ಮಗ್ಗಿ ಹೇಳಿಸುತ್ತಾರೆ. ಒಮ್ಮೆ ಒಂದು ಮದುವೆಯೂ ಅಲ್ಲೇ ನಡೆಯಿತು. ಧಾರೆಯ ಹೊತ್ತಿಗೆ ಮಾಸಿ ಮೈ ಒದರಿ ಎರಡು ಹೆಜ್ಜೆ ಸರಿದದ್ದಕ್ಕೆ ಗಂಡಿನ ಕಡೆಯವರು ಅರ್ಧ ಜನ ಮಂಜಿನೊಳಗಾಗಿ, ಯಾರ ಮದುವೆಗೆ ಬಂದಿದ್ದೇವೆ ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಕಿರಿದಾದ ಬಯಲಿನ ಹಸುಗಳನ್ನೆಲ್ಲ ಮಾಸಿಯ ಬಯಲಿನ ಅಂಚಿನುದ್ದಕ್ಕೂ ಕಟ್ಟುತ್ತಾರೆ. ಮುಖ ಒಳಗೆ, ಬಾಲ ಹೊರಗೆ. ದೂರದಿಂದ ನೋಡಿದರೆ ಒಂದು ದೊಡ್ಡ ತಟ್ಟೆಯ ಸುತ್ತ ಊಟಕ್ಕೆ ಕೂತ ಹಾಗಿರುತ್ತದೆ.

ನಮ್ಮ ತಾತನ ಕಾಲದಲ್ಲಿ ಹೀಗಿರಲಿಲ್ಲ. ಆಗ ಹಾಲು ನೋಡಿ ಹೋರಿ ಬಿಡುತ್ತಿದ್ದರು. ಕೆಚ್ಚಲು ನೆಲಕ್ಕೆ ತಾಗುವಂಥ ಹಸುಗಳು, ಕರೆದಷ್ಟೂ ಹಾಲು. ಒಂದು ವರ್ಷ ಮಂಜು ಬಂದು ಎತ್ತುವ ಹೊತ್ತಿಗೆ ಬೀದಿಗೆ ಬೀದಿಯೇ ಕೊಟ್ಟಿಗೆಗಳು ಸುಮ್ಮನಾಗಿಬಿಟ್ಟವಂತೆ. ಆಮೇಲೆ ಊರು ಬುದ್ಧಿ ಕಲಿತು, ಬಯಲು ನೋಡಿ ಹೋರಿ ಆರಿಸತೊಡಗಿತು. ಅಗಲ ಬಯಲಿನ ಹೋರಿಗೆ ಹುಟ್ಟಿದ ಹೆಣ್ಣುಕರುಗಳ ಬಯಲೂ ಅಗಲವೇ ಆಗುತ್ತದೆ. ತಲೆಮಾರಿನಿಂದ ತಲೆಮಾರಿಗೆ ಗಂಟು ಗಂಟಾಗಿ ಹಗ್ಗ ಉದ್ದವಾಗುತ್ತ ಬಂತು. ಹಾಲು ಸ್ವಲ್ಪ ಕಡಿಮೆಯಾಯಿತು, ಆದರೆ ದಿನಾ ಬಂತು. ಅಲ್ಲಿಂದ ಊರಿಗೊಂದೇ ಬೀಜದ ಹೋರಿ ಎಂದು ಕಟ್ಟುಮಾಡಿದರು. ಗಂಡುಕರು ತನ್ನ ಮೊದಲ ಮಂಜಿನಲ್ಲಿ ತಾಯಿಯಿಂದ ದೂರ, ಒಂಟಿಯಾಗಿ ಕೆರೆಯಂಗಳದಲ್ಲಿ ನಿಲ್ಲಬೇಕು. ಯಾವುದರ ಬಯಲು ಅಗಲವೋ ಅದು ಹೋರಿ. ಉಳಿದವಕ್ಕೆ ಮಂಜು ಎತ್ತುವ ದಿನ ಬೀಜ ಒಡೆಸುವುದು. ಎರಡನೇ ಅಳತೆ ಎನ್ನುವುದೇ ಇಲ್ಲ.

ಈಗಿನ ಹೋರಿಗೆ ವಯಸ್ಸಾಗಿದೆ. ಮಾಸಿ ಗಂಡು ಈದಾಗ ಊರೆಲ್ಲ ನಮ್ಮ ಅಂಗಳಕ್ಕೆ ಬಂತು. ಹೋರಿ ಹುಟ್ಟಿತು ಎಂದೇ ಮಾತು. ಮಾಸಿಯ ಗಿಣ್ಣು ತಿಂದರೆ ಆ ಮನೆಯ ಕೊಟ್ಟಿಗೆಗೆ ಮಂಜು ಇಣುಕುವುದಿಲ್ಲ ಅಂತ ನಮ್ಮಲ್ಲೊಂದು ನಂಬಿಕೆ ಬೆಳೆದಿದೆ. ಅದಕ್ಕೇ ಅವಳು ಈದಾಗಲೆಲ್ಲ ಮೊದಲ ಹಾಲನ್ನು ಒಂದು ತೊಟ್ಟೂ ಬಿಡದೆ ಕರೆಯುತ್ತೇವೆ. ಹೊಂಬಾಳೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಮನೆಮನೆಗೆ ಬಟ್ಟಲು ಕಳಿಸುತ್ತಾಳೆ. ಕರುವಿಗೆ ಬೇರೆ ಹಸುವಿನ ಹಾಲನ್ನು ಬಿದಿರಿನ ಗೊಟ್ಟದಲ್ಲಿ ಕುಡಿಸುತ್ತೇವೆ. ಮಾಸಿ ಹಿಂದೆ ಎರಡು ಸಲ ಹೆಣ್ಣು ಈದಾಗಲೂ ಹಾಗೇ ಮಾಡಿದ್ದೆವು. ಈ ಸಲವೂ ಹಾಗೇ.

ಕೆರೆಯಂಗಳದಲ್ಲಿ ನಿಲ್ಲಿಸಿದ ದಿನ, ಮಂಜು ಮಾಸಿಯ ಮಗನ ಹತ್ತಿರ ಬಂತು, ಒಂದು ಗಳಿಗೆ ತಡೆಯಿತು, ಆಮೇಲೆ ಮಲಗಿದ ಮಗುವಿಗೆ ಹೊದಿಕೆ ಹೊದಿಸುವ ಹಾಗೆ ಅವನನ್ನು ಮುಚ್ಚಿಬಿಟ್ಟಿತು. ಒಳಗಿಂದ ಅಂಬಾ ಎನ್ನುವುದು ಮಾತ್ರ ಕೇಳಿಸಿತು. ಅದೇ ಹೊತ್ತಿಗೆ ಆ ತುದಿಯಲ್ಲಿ ನಿಂತಿದ್ದ ಚಿಕ್ಕತಾಯಮ್ಮನ ಕರುವಿನ ಸುತ್ತ ಬಯಲು ತೆರೆಯಿತು. ಎರಡು ಮಾರು. ಎಳೆ ಗಂಡುಕರುವಿಗೆ ಎರಡು ಮಾರು ಯಾರೂ ಕಂಡಿರಲಿಲ್ಲ. ಚಿಕ್ಕತಾಯಮ್ಮ ತೊರೆಯಂಚಿನ ಗುಡಿಸಲಿನಲ್ಲಿ ಒಬ್ಬಳೇ ಇರುವ ಹೆಂಗಸು. ಗಂಡ ಹೋಗಿ ಬಹಳ ಕಾಲವಾಗಿತ್ತು. ಅವಳ ಹಸು ಚುಕ್ಕಿಯನ್ನು ಊರಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿದವರಲ್ಲ. ಅಂಥ ಮನೆಯ ಕರು ಹೋರಿಯಾಗುತ್ತದೆ, ನನ್ನದಕ್ಕೆ ಬೀಜ ಒಡೆಯುವ ಮರದ ಇಕ್ಕಳ. ನನಗೆ ರಕ್ತ ತಲೆಗೇರಿತು.

ಆ ವಾರವೆಲ್ಲ ಕರುವಿಗೆ ಜ್ವರ. ಬಾಯಿ ತುಂಬ ಹುಣ್ಣು. ಅವನನ್ನು ಮಾಸಿಯ ಮಗ್ಗುಲಿಗೇ ಹಾಕಿದೆವು. ಹೊಂಬಾಳೆ ಗಂಜಿಗೆ ಬೆಣ್ಣೆ ಬೆರೆಸಿ ಬೆರಳಿನಲ್ಲಿ ನೆಕ್ಕಿಸಿದಳು. ಹುಣ್ಣು ಹಿಡಿದ ಬೇರೆ ಕರುಗಳು ಸುಗ್ಗಿಯ ಹುಲ್ಲಿನ ಹಾಗೆ ಒಣಗಿಹೋಗುವುದನ್ನು ನಾನು ನೋಡಿದ್ದೇನೆ. ಇವನು ಒಂದು ಬೆಳಿಗ್ಗೆ ಎದ್ದು ನಿಂತು ನನ್ನ ಟವೆಲ್ಲು ಜಗಿಯತೊಡಗಿದ. ನನಗೆ ಆಗಲೂ ಏನೂ ಹೊಳೆಯಲಿಲ್ಲ. ಚಿಕ್ಕತಾಯಮ್ಮ ಏನೋ ಮೋಸ ಮಾಡಿದ್ದಾಳೆ ಅನ್ನುವುದೊಂದೇ ತಲೆಯಲ್ಲಿ ಕೂತಿತ್ತು. ಮಾಸಿಯ ಸಗಣಿಯನ್ನೋ ಗಂಜಲವನ್ನೋ ಕದ್ದು ಕರುವಿಗೆ ಬಳಿದಿರಬೇಕು ಎಂದುಕೊಂಡು ಅವಳ ಗುಡಿಸಲಿಗೆ ಹೊರಟೆ.

ಬಾಗಿಲಲ್ಲಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೇರುವುದನ್ನು ನಿಲ್ಲಿಸಲಿಲ್ಲ.

"ಕೂತ್ಕೊಂಡು ಬೈಯಿ ಜವರಣ್ಣ. ನಿಂತ್ಕೊಂಡು ಬೈದ್ರೆ ಸುಸ್ತಾಯ್ತದೆ."

"ಏನ್ ಬಳಿದೆ ಕರುಗೆ? ಅದ್ನ ಹೇಳು ತಾಯಕ್ಕ."

"ಬಳಿಯೋಕೆ ನನ್ನತ್ರ ಏನದೆ? ತಲೆಗೇ ಎಣ್ಣೆ ಇಲ್ಲ."

"ಮತ್ತೆ ಎರಡು ಮಾರು ಎಲ್ಲಿಂದ ಬಂತು? ನಿನ್ನ ಚುಕ್ಕಿ ಹೊಟ್ಟೇಲಿ ಹುಟ್ಟಿದ್ದಕ್ಕೆ?"

"ನಾನೂ ಅದೇ ಯೋಚ್ನೆ ಮಾಡ್ತಿದ್ದೆ ಕನಣ್ಣ. ನೋಡು ಬಾ."

ಗುಡಿಸಲಿನ ಹಿಂದೆ ಮಂಜು ಇಳಿಯುತ್ತಿತ್ತು. ಒಂದು ಮೂಲೆಯಲ್ಲಿ ಚುಕ್ಕಿ, ಇನ್ನೊಂದು ಮೂಲೆಯಲ್ಲಿ ಕರು. ಕರುವಿನ ಕಿವಿಯ ಬುಡಕ್ಕೆ ಕನಕಾಂಬರದ ಮಾಲೆ ಕಟ್ಟಿತ್ತು. ಎರಡರ ಸುತ್ತಲೂ ಬಯಲು ತೆರೆಯಿತು. ನಾನು ತೋಳು ಚಾಚಿ ಅಳೆದೆ. ಚುಕ್ಕಿಯದು ಎರಡು ಮಾರು. ಕರುವಿನದೂ ಎರಡು ಮಾರು. ಒಂದೇ ಕೈಯಲ್ಲಿ ತಟ್ಟಿದ ಎರಡು ರೊಟ್ಟಿಯ ಹಾಗೆ.

"ಇವ್ಳ್ನ ನೋಡು," ಎಂದು ಚಿಕ್ಕತಾಯಮ್ಮ ಒಂದು ಕಡಸನ್ನು ತೋರಿಸಿದಳು. ಹೋದ ವರ್ಷ ಚುಕ್ಕಿಗೆ ಹುಟ್ಟಿದ್ದು. ಅದರ ಕಾಲ ಸುತ್ತ ಒಂದು ಚಾಪೆಯಷ್ಟು ಜಾಗ, ಅಷ್ಟೆ. "ಹೋದ ಮಂಜಿನಲ್ಲಿ ಇವ್ಳಿಗೂ ಎರಡು ಮಾರು ಇತ್ತು. ಹಾಲು ಬಿಟ್ಮೇಲೆ ಬಟ್ಟೆ ಒಗೆದಂಗೆ ಕುಗ್ಗೋಯ್ತು."

"ನಮ್ಮ ಮಾಸಿ ಹೆಣ್ಗಳದ್ದು ಉಲ್ಟಾ. ಮೊದಲ್ನೇ ಮಂಜಲ್ಲಿ ಏನೂ ಇರ್ಲಿಲ್ಲ. ಈಗ ದೊಡ್ಡವ್ಳು ಕೆಂದಿ ನಿಂತ್ರೆ ಕಣ ತುಂಬ್ತದೆ. ಹೆಣ್ಣು ತಡವಾಗಿ ಅರಳ್ತದೆ ಅಂತ ಊರೇ ಹೇಳ್ತು."

"ನಿಮ್ಮ ಮಾಸಿ ಗಿಣ್ಣ ಊರು ತಿಂತದೆ. ನನ್ನ ಚುಕ್ಕಿ ಗಿಣ್ಣ ಯಾರು ಮುಟ್ತಾರೆ? ಹೋದ ವರ್ಷ ಒಂದು ಬಟ್ಲು ತಗೊಂಡು ನಾಲ್ಕು ಬಾಗಿಲಿಗೆ ಹೋಗಿದ್ದೆ. ಮಗೀಗೆ ಶೀತ ಆಗದೆ ಅಂದ್ರು, ಇವತ್ತು ಒಪ್ಪತ್ತು ಅಂದ್ರು. ವಾಪಸ್ ತಂದು ಕರುಗೇ ಹಾಕ್ದೆ. ಈ ಸಲ ಕರೀಲೇ ಇಲ್ಲ. ಎಲ್ಲಾ ಕರೂನೇ ಕುಡೀತು. ಹೊಟ್ಟೆ ತಮಟೆ ಆಗೋಗಿತ್ತು."

ಅವಳು ಆ ಮಾತನ್ನು ನಗುತ್ತಲೇ ಹೇಳಿದಳು. ಹೇಳುತ್ತ ಹೇಳುತ್ತ ನಗು ನಿಂತಿತು. ನನಗಿಂತ ಮುಂಚೆ ಅವಳಿಗೇ ಗೊತ್ತಾಯಿತು. ಕರು ನಿಂತಿದ್ದ ಬಯಲು ಕರುವಿನದಲ್ಲ, ಚುಕ್ಕಿಯದು. ಮೊದಲ ಹಾಲಿನಲ್ಲಿ ತಾಯಿ ಅದನ್ನು ಕರುವಿಗೆ ಎರವಲು ಕೊಡುತ್ತಾಳೆ, ಕರು ತನ್ನದನ್ನು ಬೆಳೆಸಿಕೊಳ್ಳುವ ತನಕ. ತನ್ನದು ಎಷ್ಟು ಅನ್ನುವುದು ಆ ಎರವಲು ತೀರಿದ ಮೇಲೆ ತಿಳಿಯುವ ಮಾತು. ನಾವು ಮಾಸಿಯ ಎರವಲನ್ನು ಬಟ್ಟಲುಗಳಲ್ಲಿ ಊರಿಗೆ ಹಂಚಿ, ಅವಳ ಮಗನನ್ನು ಬರಿಮೈಯಲ್ಲಿ ಮಂಜಿಗೆ ನಿಲ್ಲಿಸಿದ್ದೆವು.

"ಬಾ, ನಡಿ," ಅಂದೆ. "ಈಗ್ಲೇ ಬಂದು ಮಾದಪ್ಪಂಗೆ ಹೇಳು. ನಾನು ಹೇಳಿದ್ರೆ ಯಾರೂ ಕೇಳಲ್ಲ."

ಅವಳು ಕರುವಿನ ಕಿವಿಯ ಹೂವನ್ನು ಸರಿಮಾಡಿದಳು. "ಈ ಹೂವ ಯಾರು ಕಟ್ಟಿದ್ದು ಗೊತ್ತಾ? ಮಾದಪ್ಪಣ್ಣನ ಹೆಂಡ್ತಿ. ಕೊಂಬಿಗೆ ಕಟ್ಟೋಕೆ ಬಂದು, ಕೊಂಬೇ ಬಂದಿಲ್ವಲ್ಲ ಅಂತ ಕಿವಿಗೆ ಕಟ್ಟಿ, ನನ್ನ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕ್ಕೊಂಡು ಹೋದ್ಲು. ನಾನು ಈ ಊರಿಗೆ ಬಂದು ಎಷ್ಟು ವರ್ಷ ಆಯ್ತು ಜವರಣ್ಣ? ಈ ಜಗಲಿ ಮೇಲೆ ಯಾರು ಕೂತವ್ರೆ? ನಾನು ಬಂದು ಹೇಳಿದ್ರೆ ನಾಳೆ ಈ ಕರುಗೂ ಇಕ್ಕಳ. ನಾನ್ಯಾಕೆ ಹೇಳ್ಲಿ?"

"ಹಂಗಾದ್ರೆ ನನ್ನ ಕರು ಹಾಳಾಗ್ಲಿ ಅಂತೀಯ?"

"ಯಾರ ಕರೂನೂ ಹಾಳಾಗ್ಲಿ ಅಂತ ನಾನು ಅಂದಿಲ್ಲ. ನೀನು ಬೈಯೋಕೆ ಬಂದಿದ್ದೆ, ಬೈದಾಯ್ತು. ಹೊರಡು."

ಹೊರಟೆ. ದಾರಿಯಲ್ಲಿ ಮಂಜಿನೊಳಗೆ ನಮ್ಮಪ್ಪ ನನ್ನ ಪಕ್ಕದಲ್ಲೇ ನಡೆಯುತ್ತಿರುವ ಹಾಗೆ ಅನಿಸಿತು.

ಮಂಜು ಎತ್ತುವ ದಿನ ಬಂತು. ಎಲ್ಲರೂ ಕೆರೆಯಂಗಳದಲ್ಲಿ ಸೇರಿದ್ದರು. ಬೀಜ ಒಡೆಯುವವನು ತನ್ನ ಮರದ ಇಕ್ಕಳಕ್ಕೆ ಎಣ್ಣೆ ಸವರಿ ಗೋಣಿಯ ಮೇಲೆ ಇಟ್ಟಿದ್ದ. ನಾನು ನಡುವೆ ನಿಂತು ಎಲ್ಲವನ್ನೂ ಹೇಳಿದೆ. ನನಗೆ ಹೇಳುವುದಕ್ಕೆ ಬರುವುದಿಲ್ಲ. ನಾನು ಹೇಳಹೊರಟರೆ ಅದು ಬೈಗುಳವಾಗಿಬಿಡುತ್ತದೆ. ಗಿಣ್ಣಿನ ವಿಷಯ ಶುರುಮಾಡಿ, ನೀವೆಲ್ಲ ಎಳೆಗರುವಿನ ಬಾಯಿಂದ ಕಿತ್ತು ತಿಂದ ಹೊಟ್ಟೆಬಾಕರು ಎನ್ನುವಲ್ಲಿಗೆ ಮುಗಿಸಿದೆ.

"ಅಲ್ಲಾ ಜವರ," ಅಂದ ಮಾದಪ್ಪ, "ಗಿಣ್ಣಲ್ಲಿ ಬಯಲು ಬರೋದಾದ್ರೆ ನಾವೆಲ್ಲ ಮಾಸಿ ಗಿಣ್ಣ ತಿಂದಿದ್ದೀವಲ್ಲ. ನಮ್ಮ ಬಯಲೆಲ್ಲಪ್ಪ?"

ಅಂಗಳವೆಲ್ಲ ನಕ್ಕಿತು. ಕ್ಷೌರದವನು ಎದ್ದು ನಿಂತು, "ನಂದು ಅಳೀರಿ ಯಜಮಾನ್ರೆ, ನಾನು ಎರಡು ಬಟ್ಲು ತಿಂದಿದ್ದೆ," ಅಂದ. ನಾನು ಅವನ ಮೇಲೆ ಬಿದ್ದೆ. ನಾಲ್ಕು ಜನ ನನ್ನನ್ನು ಹಿಡಿದರು. ಇನ್ನು ನಾಲ್ಕು ಜನ ಕರುವನ್ನು ಕೆಡವಿ ಕಾಲು ಕಟ್ಟಿದರು. ಬಯಲಿನ ನಡುವೆ ಕಟ್ಟಿದ್ದ ಮಾಸಿ ಒಂದೇ ಸಮನೆ ಕೂಗತೊಡಗಿದಳು. ಹೊಂಬಾಳೆ ಕರುವಿನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಅದರ ಕಣ್ಣು ಮುಚ್ಚಿದಳು.

ಆಗ ಚಿಕ್ಕತಾಯಮ್ಮ ಬಂದಳು. ಮುಂದೆ ಚುಕ್ಕಿ, ಹಿಂದೆ ಕಡಸು, ಪಕ್ಕದಲ್ಲಿ ಹೂ ಮುಡಿದ ಕರು. ಹೋರಿಯ ಮೆರವಣಿಗೆಗೆ ಬಂದಳೆಂದು ಜನ ದಾರಿ ಬಿಟ್ಟರು.

"ಮಾದಪ್ಪಣ್ಣ, ಒಂದ್ಗಳಿಗೆ ಹಗ್ಗ ಹಿಡಿ," ಅಂದಳು. "ಮೊದ್ಲು ಚುಕ್ಕೀನ ಅಳಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ಮಾದಪ್ಪ ಹಗ್ಗ ಬಿಚ್ಚಿದ. ಅವಳು ಮೂರನ್ನೂ ದೂರ ದೂರ, ಮಾಸಿಯ ಬಯಲಿನಿಂದ ಆಚೆ ಮಂಜಿನೊಳಗೆ ನಿಲ್ಲಿಸಿದಳು. ಚುಕ್ಕಿ ಎರಡು ಮಾರು. ಕರು ಎರಡು ಮಾರು. ಕಡಸಿನ ಹತ್ತಿರ ಹಗ್ಗ ಹಾಸುವ ಮುಂಚೆಯೇ ಬಯಲು ಮುಗಿದಿತ್ತು.

"ಹೋದ ವರ್ಷ ಈ ಕಡಸಿಗೆ ಎಷ್ಟಿತ್ತು, ನೀವೇ ನೋಡಿದ್ರಿ. ಮಾಸಿ ಮಗಳು ಕೆಂದಿಗೆ ಆವತ್ತು ಎಷ್ಟಿತ್ತು, ಇವತ್ತು ಎಷ್ಟದೆ, ಅದ್ನೂ ನೋಡ್ತಾ ಇದ್ದೀರಿ. ಜವರಣ್ಣ ಹೇಳಿದ್ದು ನಿಜ. ನನ್ನ ಕರು ಕುಡಿದು ಬಂದದೆ, ಅವನ ಕರು ಕುಡೀದೆ ಬಂದದೆ. ಅಷ್ಟೇಯ ವ್ಯತ್ಯಾಸ. ನನ್ನ ಕರೂನ ಹೋರಿ ಮಾಡಿದ್ರೆ ಇದರ ಹೆಣ್ಮಕ್ಕಳೆಲ್ಲ ಚಾಪೆ ಅಗಲ ನಿಲ್ತವೆ. ಆಮೇಲೆ ಎಲ್ಲಾ ಯಾರ ಅಂಚಲ್ಲಿ ನಿಲ್ಲೋದು? ಗಾಳಿ ಜೋರಾದ ದಿನ ನನ್ನ ಚುಕ್ಕೀನೂ ಮಾಸಿ ಹತ್ರಾನೇ ನಿಂತು ಉಳ್ಕೊಂಡಿರೋದು."

ಮಾದಪ್ಪ ಕಡಸಿನ ಹತ್ತಿರ ಹೋಗಿ, ಹಗ್ಗ ಬಿಟ್ಟು, ತನ್ನ ಕೈಯಿಂದಲೇ ಆ ಚಾಪೆಯಷ್ಟು ಜಾಗವನ್ನು ಮುಟ್ಟಿ ನೋಡಿದ. ಕೆಂದಿಯ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಮಂಜಿನಲ್ಲಿ ಒಮ್ಮೊಮ್ಮೆ ಹೊತ್ತು ಹೇಗೆ ಹೋಯಿತೆಂದೇ ತಿಳಿಯುವುದಿಲ್ಲ. ಕೊನೆಗೆ, "ಮಾಸಿ ಕರು ಕಟ್ಟು ಬಿಚ್ಚಿ," ಅಂದ. "ಅವನೇ ಹೋರಿ. ಇನ್ಮುಂದೆ ಎರಡನೇ ಮಂಜಲ್ಲಿ ಅಳೆಯೋದು. ಗಿಣ್ಣ ಕರು ಕುಡಿದು ಉಳಿದ್ರೆ ನಮಗೆ."

ನಾನು ಹಿಡಿದವರನ್ನು ಕೊಡವಿ ಓಡಿಹೋಗಿ ಕರುವಿನ ಕಾಲಿನ ಹಗ್ಗ ಬಿಚ್ಚಿದೆ. ಅವನು ಎದ್ದು ಮಾಸಿಯ ಕಡೆ ಓಡಿದ, ನಾನೂ ಹಿಂದೆಯೇ ಹೋದೆ. ಹೊಂಬಾಳೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆ ಸಂತೋಷದಲ್ಲಿ ಮಾದಪ್ಪನ ಮುಂದಿನ ಮಾತು ನನಗೆ ಅರ್ಧ ಮಾತ್ರ ಕೇಳಿಸಿತು. ಅವನು ಅದನ್ನು ಕೆಟ್ಟದಾಗಿ ಹೇಳಲಿಲ್ಲ. ಊರಿನ ಕಟ್ಟುಮಾಡನ್ನು ಹೇಳುವ ಹಾಗೆ ಹೇಳಿದ.

"ಊರಿಗೊಂದೇ ಹೋರಿ. ಹೆಂಗೂ ಒಡೆಯೋನು ಬಂದವ್ನೆ. ತಾಯಮ್ಮನ ಕರು ಹಿಡ್ಕೊಳ್ಳಿ."

ಇಬ್ಬರು ಎದ್ದರು. ಒಬ್ಬ ಕರುವಿನ ಕಿವಿಯ ಹೂವು ಅಡ್ಡ ಬರುತ್ತದೆಂದು ಕಿತ್ತುಹಾಕಿದ.

"ಮುಟ್ಬ್ಯಾಡಿ," ಅಂದಳು ಚಿಕ್ಕತಾಯಮ್ಮ.

"ನೀನೇ ಹೇಳಿದ್ಯಲ್ಲಮ್ಮ, ಬೀಜಕ್ಕೆ ಆಗಲ್ಲ ಅಂತ."

"ಬೀಜಕ್ಕೆ ಆಗಲ್ಲ ಅಂದೆ. ನಂಗೆ ಆಗಲ್ಲ ಅಂದ್ನಾ?"

"ಊರಿನ ಕಟ್ಟು ಕನಮ್ಮ ಇದು."

"ಊರಿಗೆ ಏನು ಬೇಕಿತ್ತೋ ಅದ್ನ ಕೊಟ್ಟಿದ್ದೀನಿ ಮಾದಪ್ಪಣ್ಣ. ನಾನು ಸುಮ್ನಿದ್ದಿದ್ರೆ ಇದರ ಕಾಲಿಗೆ ಬೀಳ್ತಿದ್ರಿ."

ಎದ್ದ ಇಬ್ಬರೂ ಮಾದಪ್ಪನ ಮುಖ ನೋಡಿದರು. ಮಾದಪ್ಪ ನನ್ನ ಮುಖ ನೋಡಿದ. ಆಗ ನಾನು ಒಂದು ಮಾತು ಆಡಬಹುದಿತ್ತು. ಸುಮ್ಮನಿರುವುದು ನನಗೆ ಬರುವುದಿಲ್ಲ ಅಂತ ಊರಿಗೇ ಗೊತ್ತು. ಆದರೆ ನನ್ನ ಕೈ ನಮ್ಮ ಕರುವಿನ ಕೊರಳ ಮೇಲಿತ್ತು, ಆ ಕೊರಳು ಬೆಚ್ಚಗಿತ್ತು, ನನ್ನ ನಾಲಿಗೆ ಹೊರಡಲಿಲ್ಲ.

ಚಿಕ್ಕತಾಯಮ್ಮ ಯಾರನ್ನೂ ಕಾಯಲಿಲ್ಲ. ಕರುವಿನ ಬೆನ್ನು ತಟ್ಟಿದಳು, ಚುಕ್ಕಿಯ ಮೂಗುದಾರ ಹಿಡಿದಳು, ಅಂಗಳದ ಆಚೆ, ದಾರಿಯೇ ಇಲ್ಲದ ಕಡೆ ತಿರುಗಿದಳು. ಕಡಸು ತಾನಾಗಿಯೇ ಹಿಂದೆ ಹೋಯಿತು. ಅವರು ಮಂಜಿನೊಳಗೆ ಇಳಿದಂತೆ ಎರಡು ಬಯಲುಗಳು ಒಂದಕ್ಕೊಂದು ತಗುಲಿಕೊಂಡು, ನೀರಿನ ಮೇಲೆ ಎಣ್ಣೆಯ ಎರಡು ಹನಿ ಕೂಡಿದ ಹಾಗೆ ಒಂದಾದವು. ಹಿಂದಿನ ಸಣ್ಣದು ಓಡಿ ಹೋಗಿ ಅದರೊಳಗೆ ಸೇರಿಕೊಂಡಿತು. ನಡುವೆ ಅವಳ ಬೆನ್ನು, ಹೆಗಲ ಮೇಲೆ ಜಾರಿದ ಸೆರಗು, ಬಿಸಿಲಿನಲ್ಲಿ ನಡೆಯುವವರಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

"ತಾಯಕ್ಕ," ಅಂತ ಕೂಗಿದೆ. "ನಿಲ್ಲು ತಾಯಕ್ಕ, ನಾನು ಹೇಳ್ತೀನಿ ಅವರಿಗೆ, ನಿಲ್ಲು."

ಅವಳಿಗೆ ಕೇಳಿಸಿರಬೇಕು. ಬಯಲು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ನಡೆಯಿತು, ಮೊರದಷ್ಟಾಯಿತು, ಬಟ್ಟಲಷ್ಟಾಯಿತು. ಜೇನಿನ ಬಣ್ಣ ಅದರ ಮೇಲೆ ಕೂಡಿಕೊಂಡಿತು.

ಮಧ್ಯಾಹ್ನದ ಹೊತ್ತಿಗೆ ಆ ವರ್ಷದ ಮಂಜು ಎತ್ತಿತು. ಕಣ್ಣು ಹೋಗುವಷ್ಟು ದೂರವೂ ಕೂಳೆ ಹೊಲಗಳು, ಮೇಲೆ ಬಿಸಿಲು. ಚಿಕ್ಕತಾಯಮ್ಮ ಮತ್ತೆ ಬರಲಿಲ್ಲ.